ಒತ್ತಿದರೂ ಹೋಗದ ನಂಬರು

ಉಕ್ಕಿದ ಗಂಗೆ ಇಳಿದುಹೋದ ಮೇಲೆ, ಕಾಶಿಯಲ್ಲಿ ನಮ್ಮ ಮನೆಯಿರುವ ಶಿವಾಲದ ಗಲ್ಲಿಗಳಲ್ಲಿ ಒಂದು ವಾಸನೆ ಉಳಿಯುತ್ತದೆ. ಮೆಟ್ಟಿಲುಗಳ ಮೇಲೆ ಕೂತ ಹೂಳು, ಅದರೊಳಗೆ ಕೊಳೆಯುವ ಚೆಂಡುಹೂವು, ನೆನೆದ ಗೋಡೆಯ ಸುಣ್ಣ, ಎಲ್ಲ ಸೇರಿದ ವಾಸನೆ. ಹೋದ ವಾರ ಅಮ್ಮನನ್ನು ನೋಡಲು ಹೋದಾಗ ಕೆಲಸದವರು ಪಂಪು ಹಚ್ಚಿ ಆ ಹೂಳನ್ನು ಮತ್ತೆ ನದಿಗೇ ತಳ್ಳುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾಲ್ಕು ವರ್ಷದ ಹಿಂದಿನ ಶ್ರಾವಣದ ಸಿಟ್ಟು ಮತ್ತೆ ಎದ್ದು ಕೂತಿತು. ಅದು ಈಗ ಕಡಿಮೆಯಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಾವು ಮೂರು ತಲೆಮಾರಿನಿಂದ ಕಾಶಿಯಲ್ಲಿರುವ ಕನ್ನಡದವರು. ಕರ್ನಾಟಕದಿಂದ ಬರುವವರಿಗೆ ಅಸ್ಥಿ ವಿಸರ್ಜನೆ, ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಮನೆತನ. ಅಪ್ಪ ಮತ್ತು ದೊಡ್ಡಪ್ಪ ಒಟ್ಟಿಗೆ ನಡೆಸುತ್ತಿದ್ದರು. ಇಬ್ಬರೂ ಹೋದ ಮೇಲೆ ಎಲ್ಲವೂ ದೊಡ್ಡಪ್ಪನ ಮಗ ಶ್ರೀಕಂಠನ ಕೈಗೆ ಬಂತು. ಯಾತ್ರಿಕರ ವಂಶಾವಳಿ ಬರೆದಿಟ್ಟ ಅಪ್ಪನ ಪುಸ್ತಕಗಳನ್ನೂ ಅವನೇ ತೆಗೆದುಕೊಂಡ. ಅಪ್ಪನ ಹನ್ನೆರಡನೆಯ ದಿನ ನಾನು ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ, ನನಗೆ ಕೇಳಲಿ ಎಂದೇ, "ಹುಡುಗಿ ಅದನ್ನಿಟ್ಕೊಂಡು ಏನು ಮಾಡ್ತಾಳೆ?" ಎಂದಿದ್ದ. ಆವತ್ತಿನಿಂದ ಅವನನ್ನು ಕಂಡರೆ ನನಗಾಗುವುದಿಲ್ಲ. ಅಮ್ಮ ಅವನಿದ್ದ ಅದೇ ಮನೆಯ ಮೇಲಂತಸ್ತಿನ ಕೋಣೆಯಲ್ಲಿದ್ದಳು. ನಾನು ಸ್ವಲ್ಪ ದೂರದ ಭೇಲೂಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹಲ್ಲಿನ ಕ್ಲಿನಿಕ್ಕು, ಗೆಸ್ಟ್‌ಹೌಸು, ಕೋಚಿಂಗ್ ಸೆಂಟರುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ.

ಆ ವರ್ಷ ಆಷಾಢದಲ್ಲಿ ಶ್ರೀಕಂಠನೇ ಹೇಳಿ ಕಳಿಸಿದ. ಹೋದರೆ, ಕೂರು ಎಂದೂ ಹೇಳದೆ ತನ್ನ ಫೋನನ್ನು ಮುಖದ ಮುಂದೆ ಹಿಡಿದ.

"ವಸು, ಹಿಂದಿನ ಗಲ್ಲಿಯ ಪುರೋಹಿತರ ಸೈಟು ನೋಡು. ತೆರೆದ ತಕ್ಷಣ ಶಂಖ ಊದುತ್ತೆ. ದೀಪ ತೇಲ್ತಾ ಬರುತ್ತೆ. ಏಕದಮ್ ಭವ್ಯ! ನಮ್ಮದು ಅದಕ್ಕಿಂತ ಬಢಿಯಾ ಆಗಬೇಕು."

"ಅಣ್ಣ, ನಮ್ಮ ಸೈಟು ನೋಡೋರು ಯಾರು? ಮನೆಯಲ್ಲಿ ಸಾವಾದವರು. ರೈಲಲ್ಲಿ ಕೂತು, ಸಿಗ್ನಲ್ ಸಿಕ್ಕಷ್ಟು ಹೊತ್ತು ನೋಡೋರು. ಅರ್ಧ ಜನಕ್ಕೆ ವಯಸ್ಸಾಗಿರುತ್ತೆ. ಶಂಖ ಕೇಳೋಕೆ ಬರ್ತಾರಾ ಅವರು? ಎಲ್ಲಿಗೆ ಬರಬೇಕು, ಯಾರಿಗೆ ಫೋನ್ ಮಾಡಬೇಕು, ಅಷ್ಟು ತೆರೆದ ಕೂಡಲೇ ಕಾಣಬೇಕು."

"ಇದು ದೇವರ ಕೆಲಸ. ನಿನ್ನ ದಾಂತಿನ ಡಾಕ್ಟರ ಕ್ಲಿನಿಕ್ ಅಲ್ಲ."

ನಾನು ಬಿಡಲಿಲ್ಲ. ಕೆಂಪಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಬಿಸಿಲಿನಲ್ಲಿ ಕಾಣಿಸುವುದಿಲ್ಲ ಎಂದೆ. ನಂಬರನ್ನು ಚಿತ್ರದೊಳಗೆ ಬರೆದರೆ ಅದು ಬರೀ ಚಿತ್ರವಾಗಿ ಉಳಿಯುತ್ತದೆ, ಬೆರಳಿಟ್ಟು ಒತ್ತಿದರೆ ಫೋನ್ ಹೋಗುವುದಿಲ್ಲ ಎಂದೆ. ಒಂದರ ಹಿಂದೊಂದು ತಾನಾಗಿಯೇ ಸರಿಯುವ ಚಿತ್ರಗಳನ್ನು ಯಾರೂ ಪೂರ್ತಿ ಓದುವುದಿಲ್ಲ, ಓದುವಷ್ಟರಲ್ಲಿ ಅವು ಹೋಗಿಬಿಡುತ್ತವೆ ಎಂದೆ. ಅವನು ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡ, ಅಥವಾ ಕೇಳಿಸಿಕೊಳ್ಳಲಿಲ್ಲ.

"ಇನ್ನೊಂದು ಮಾತು. ದೊಡ್ಡ ಹಸಿರು ಬಟನ್ ಬೇಕು. ಒತ್ತಿದ ತಕ್ಷಣ 'ನಿಮ್ಮ ಸೇವೆ ಖಚಿತವಾಗಿದೆ' ಅಂತ ಬರಬೇಕು. ನೌಕೆ ಎಲ್ಲಿ ಕಾಯುತ್ತೆ, ಎಷ್ಟು ಗಂಟೆಗೆ ಅಂತಾನೂ ಬರಬೇಕು."

"ನೀನು ನೋಡೋಕೆ ಮೊದಲೇ ಹೇಗೆ ಖಚಿತ ಆಗುತ್ತೆ?"

"ಇಲ್ಲದಿದ್ರೆ ಹಿಂದಿನ ಗಲ್ಲಿಗೆ ಹೋಗ್ತಾರೆ. ನಾನು ದಿನಾ ಮೇಲ್ ನೋಡ್ತೀನಿ ಬಿಡು. ತುಂಬಾ ಪಾಠ ಹೇಳಬೇಡ. ನಾಲ್ಕು ಅಕ್ಷರ ಕಂಪ್ಯೂಟರ್ ಕಲಿತು, ಕರ್ಮ ಮಾಡಿಸೋಕೆ ಬರೋ ಯಜಮಾನರ ವಿಷಯ ನಮಗೇ ಹೇಳ್ತೀಯಾ?"

ಎದ್ದು ಬರುತ್ತಿದ್ದೆ. ಮೆಟ್ಟಿಲ ಬಳಿ ಅಮ್ಮ ಕೈ ಹಿಡಿದಳು. "ಅವನು ಕೇಳಿದ ಹಾಗೆ ಮಾಡಿಕೊಟ್ಟುಬಿಡೇ. ನಾನು ಈ ಮನೆಯಲ್ಲಿರಬೇಕು."

ಮಾಡಿಕೊಟ್ಟೆ. ಹೇಗೆ ಮಾಡಿಕೊಟ್ಟೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಅಮ್ಮನಿಗಾಗಿ ತಗ್ಗಿದೆ ಎಂದು ಹೇಳಿಕೊಂಡು ತಿರುಗಿದ್ದೇನೆ. ಅದು ಅರ್ಧ ಸತ್ಯ. ಅವನು ಏನೇನು ಕೇಳಿದನೋ ಅಷ್ಟನ್ನೂ ಒಂದೂ ಬಿಡದೆ, ಹಟ ತೊಟ್ಟು ಹಾಕಿದೆ. ಶಂಖ ಹಾಕಿದೆ. ತೇಲುವ ದೀಪಗಳನ್ನು ಹಾಕಿದೆ. ಬಂಗಾರದ ಬಣ್ಣದ ಸುರುಳಿ ಅಕ್ಷರದಲ್ಲಿ ನಂಬರು ಬರೆದು ಸರಿಯುವ ಚಿತ್ರದೊಳಗೆ ಹುದುಗಿಸಿದೆ. ಹಸಿರು ಬಟನ್ನಿನ ಹಿಂದೆ ಆ ಸುಳ್ಳು ವಾಕ್ಯವನ್ನು ನನ್ನ ಕೈಯಿಂದಲೇ ಬರೆದೆ. ಇದು ಜನರಿಗೆ ಉಪಯೋಗಕ್ಕೆ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ತಕ್ಕ ಶಾಸ್ತಿಯಾಗುತ್ತದೆ ಎಂದು ಒಳಗೊಳಗೇ ಖುಷಿಪಡುತ್ತ ಕೆಲಸ ಮುಗಿಸಿದೆ. ಅವನು ನೋಡಿ, "ವಾಹ್" ಎಂದ. ನನಗೆ ನಗು ಬಂತು.

ಶ್ರಾವಣ ಹಿಡಿದುಕೊಂಡಿತು. ಮೇಲಿನ ಊರುಗಳಲ್ಲಿ ಮಳೆ ಬಿದ್ದು ಗಂಗೆ ದಿನಕ್ಕಿಷ್ಟು ಮೆಟ್ಟಿಲು ನುಂಗತೊಡಗಿದಳು. ಒಂದು ಘಾಟಿನಿಂದ ಇನ್ನೊಂದಕ್ಕೆ ನಡೆದುಹೋಗುವ ದಾರಿ ಮುಚ್ಚಿತು. ಶವ ಸುಡುವವರು ಚಿತೆಗಳನ್ನು ಮಾಳಿಗೆಯ ಮೇಲೆ ಹೂಡತೊಡಗಿದರು. ಪೊಲೀಸರು ದೋಣಿಗಳನ್ನೆಲ್ಲ ಕಟ್ಟಿಹಾಕಿಸಿದರು. ನಮ್ಮ ಸೈಟಿನ ಚಿತ್ರಗಳಲ್ಲಿ ಮಾತ್ರ ಚಳಿಗಾಲದ ಬಿಸಿಲು. ಒಣಗಿದ ಮೆಟ್ಟಿಲುಗಳ ಮೇಲೆ ಶ್ರೀಕಂಠ ಶಾಲು ಹೊದ್ದು ಕೂತಿದ್ದ.

ನಾನು ಫೋನ್ ಮಾಡಿ ಕೇಳಿದೆ, "ದೋಣಿ ಇಲ್ಲ ಅಂತ ಮೇಲೆ ಒಂದು ಸಾಲು ಹಾಕಲಾ?"

"ಹಾಕಿದ್ರೆ ಜನ ಬರೋದೇ ನಿಲ್ಲಿಸ್ತಾರೆ. ಇಲ್ಲಿಗೆ ಬಂದಮೇಲೆ ಏನಾದರೂ ಮಾಡೋಣ."

"ನಿನ್ನ ಸೈಟು, ನಿನ್ನಿಷ್ಟ," ಎಂದು ಫೋನ್ ಇಟ್ಟೆ. ಇಟ್ಟಮೇಲೆ ಇನ್ನೊಂದು ಸಲ ಯೋಚಿಸಲೂ ಇಲ್ಲ.

ಅದಾದ ನಾಲ್ಕೈದು ದಿನಕ್ಕೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅಮ್ಮನ ಫೋನ್ ಬಂತು. "ಈಗಿಂದೀಗಲೇ ಬಾ. ಊರಿಂದ ಒಬ್ಬರು ಬಂದಿದಾರೆ. ಕೈಯಲ್ಲಿ ಗಂಡನ ಅಸ್ಥಿ ಇದೆ. ಪೂರ್ತಿ ನೆಂದುಹೋಗಿದಾರೆ. ಯಾರೂ ಕರ್ಕೊಂಡು ಬರೋಕೆ ಹೋಗಿರಲಿಲ್ಲವಂತೆ."

ಭೇಲೂಪುರದ ಚೌಕದಲ್ಲಿ ನೀರು ನಿಂತಿತ್ತು. ಟೋಟೋ ಎನ್ನುವ ಒಂದು ಬ್ಯಾಟರಿ ರಿಕ್ಷಾದವನನ್ನು ಗೋಗರೆದು ಕೂತೆ. ಅವನು ಗಲ್ಲಿಯ ಬಾಯಿಗೆ ಬಿಟ್ಟು, "ಇಸ್ಸೆ ಆಗೇ ನಾಹೀ ಜಾಈ ದೀದಿ" ಎಂದು ಮುಂದೆ ಹೋಗಲು ಒಪ್ಪಲಿಲ್ಲ. ಅಲ್ಲಿಂದ ಸೀರೆ ಎತ್ತಿ ಹಿಡಿದು ನಡೆದೆ.

ಬಂದವರ ಹೆಸರು ಕಮಲಾಬಾಯಿ. ಹಾವೇರಿ ಕಡೆಯ ಒಂದು ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದವರು. ಎಪ್ಪತ್ತರ ಹತ್ತಿರ ಇರಬೇಕು. ಮಕ್ಕಳಿಲ್ಲ. ಒಬ್ಬರೇ ಬಂದಿದ್ದರು. ಆ ದಿನ ಅವರ ಗಂಡನ ಮೊದಲ ಮಾಸಿಕದ ತಿಥಿ. ಅಂದೇ ಅಸ್ಥಿ ಬಿಡುತ್ತೇನೆಂದು ಮನೆದೇವರ ಮುಂದೆ ಸಂಕಲ್ಪ ಮಾಡಿ ಹೊರಟಿದ್ದರು. ನಮ್ಮ ಹಸಿರು ಬಟನ್ ಒತ್ತಿದ್ದರು. 'ನಿಮ್ಮ ಸೇವೆ ಖಚಿತವಾಗಿದೆ, ಬೆಳಿಗ್ಗೆ ಏಳಕ್ಕೆ ಅಸ್ಸಿ ಘಾಟಿನಲ್ಲಿ ನೌಕೆ ಕಾಯುತ್ತದೆ' ಎಂಬ ಉತ್ತರ ಬಂದಿತ್ತು; ಅವರ ಮೇಲನ್ನು ಶ್ರೀಕಂಠ ನೋಡಿಯೇ ಇರಲಿಲ್ಲ. ಅದನ್ನು ನಂಬಿ ಏಳಕ್ಕೆ ಅಸ್ಸಿಗೆ ಬಂದರೆ ಅಲ್ಲಿ ಘಾಟೇ ಇರಲಿಲ್ಲ. ರಸ್ತೆಯ ತುದಿಯಲ್ಲಿ ನೀರು ಹರಿಯುತ್ತಿತ್ತು. ಸುರುಳಿ ಅಕ್ಷರದ ನಂಬರನ್ನು ಕಷ್ಟಪಟ್ಟು ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡಿದರೆ ಯಾರೋ ಬೇರೆಯವನು ಎತ್ತಿ ಹಿಂದಿಯಲ್ಲಿ ರೇಗಿದನಂತೆ. ಅವರಿಗೆ ಹಿಂದಿ ಬಾರದು. ಅಸ್ಥಿಯ ಮಡಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಚಹಾ ಅಂಗಡಿಯ ತಗಡಿನ ಕೆಳಗೆ ಹೊತ್ತು ಏರುವವರೆಗೆ ನಿಂತಿದ್ದರು. ಕೊನೆಗೆ ಅಂಗಡಿಯವನು ಅವರ ಭಾಷೆ ಕೇಳಿ, ದಕ್ಷಿಣದವರೆಂದು ತಿಳಿದು, ಶಿವಾಲದ ದಾರಿ ತೋರಿಸಿದ್ದ.

ನಾನು ಒಳಗೆ ಕಾಲಿಟ್ಟಾಗ ಅವರು ಜಗಲಿಯ ಮೇಲೆ ನೆಟ್ಟಗೆ ಕೂತಿದ್ದರು. ಬಿಳಿ ಕೂದಲಿನಿಂದ ನೀರು ಇಳಿಯುತ್ತಿತ್ತು. ಅಮ್ಮ ಕೊಟ್ಟ ಒಣ ಸೀರೆ ಮಡಿಕೆ ಬಿಚ್ಚದೆ ಪಕ್ಕದಲ್ಲಿತ್ತು. ಮಡಕೆ ಮಡಿಲಲ್ಲಿತ್ತು. ಎದುರಿಗೆ ಶ್ರೀಕಂಠ ನಿಂತು ದಬಾಯಿಸುತ್ತಿದ್ದ.

"ಹೊರಡೋಕೆ ಮೊದಲು ಒಂದು ಫೋನ್ ಮಾಡಬೇಕಿತ್ತು ಅಮ್ಮಾ. ಗಂಗೆಗೆ ಬಾಢ್ ಬಂದಿರೋದು ಟೀವಿಯಲ್ಲೆಲ್ಲ ಬರ್ತಿದೆ. ನಾವೇನು ಮಾಡೋಕಾಗುತ್ತೆ?"

ಕಮಲಾಬಾಯಿ ತಮ್ಮ ಫೋನನ್ನು ಅವನ ಕಡೆ ಚಾಚಿದರು.

"ಮಾಡ್ರಿ."

"ಏನು?"

"ಫೋನ್ ಮಾಡ್ರಿ. ಇದರಾಗ ನಿಮ್ಮ ಸೈಟು ತೆಗೀರಿ, ನಿಮ್ಮ ನಂಬರಿಗೆ ನೀವೇ ಮಾಡ್ರಿ. ನಾ ನೋಡ್ತೀನಿ."

ಅವನು ತಿರಸ್ಕಾರದಿಂದಲೇ ಫೋನ್ ತೆಗೆದುಕೊಂಡ. ಸೈಟು ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಆ ಹಳೆಯ ಫೋನಿಗೆ ಅಷ್ಟು ದೀಪ ತೇಲಿಸುವ ಶಕ್ತಿ ಇರಲಿಲ್ಲ. ಆಮೇಲೆ ಒಮ್ಮೆಲೇ ಶಂಖ ಊದಿತು. ಮಡಕೆ ಹಿಡಿದು ಕೂತ ಆ ಹೆಂಗಸಿನ ಎದುರು ಆ ಸದ್ದು ಎಷ್ಟು ಅಸಹ್ಯವಾಗಿ ಕೇಳಿಸಿತೆಂದರೆ, ಅಮ್ಮ ಕಿವಿ ಮುಚ್ಚಿಕೊಂಡಳು. ಶ್ರೀಕಂಠ ಶಂಖ ನಿಲ್ಲಿಸಲು ಪರದಾಡಿದ. ನಂಬರು ಬಂತು. ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತುವಷ್ಟರಲ್ಲಿ ಚಿತ್ರ ಸರಿದು ಅವನದೇ ಶಾಲು ಹೊದ್ದ ಮುಖ ಬಂತು. ಕಾದ. ನಂಬರು ಮತ್ತೆ ಬಂತು.

"ಐದನೇ ಅಂಕಿ ಒಂದೋ, ಏಳೋ?" ಕಮಲಾಬಾಯಿ ಕೇಳಿದರು. "ನೋಡಿ ಹೇಳ್ರಿ."

"ನನ್ನ ನಂಬರ್ ನನಗೆ ಗೊತ್ತು."

"ನನಗ ಗೊತ್ತಿಲ್ಲಲ್ಲ. ಅದಕ್ಕ ಅಲ್ಲೇನು ಅಲ್ಲಿ ಬರೆದದ್ದು?"

ಶ್ರೀಕಂಠ ಫೋನನ್ನು ಜಗಲಿಯ ಮೇಲಿಟ್ಟ. ತಿರುಗಿ ನನ್ನನ್ನು ಕಂಡ. "ಇವಳು ಮಾಡಿದ್ದು. ಇವಳನ್ನೇ ಕೇಳಿ," ಎಂದ.

ಅವರು ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಹಿಂದಿನ ಬೆಂಚಿನವಳನ್ನು ಎಬ್ಬಿಸಿದ ಹಾಗೆ ನೋಡಿದರು.

"ನೀವು ಮಾಡಿದ್ದೇನವಾ?"

"ಹೌದು."

"ಹಿಂಗಾಗ್ತದ ಅಂತ ಗೊತ್ತಿರಲಿಲ್ಲೇನು?"

ಅವನ ಮೇಲೆ ಹಾಕಬಹುದಿತ್ತು. ನಾನು ಬೇಡವೆಂದದ್ದು, ಅವನು ಕೇಳದೇ ಇದ್ದದ್ದು ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಕಣ್ಣುಗಳ ಎದುರು ಹೊರಡಲಿಲ್ಲ.

"ಗೊತ್ತಿತ್ತು," ಎಂದೆ.

"ಗೊತ್ತಿದ್ದೂ ಮಾಡಿದಿ." ಬಹುವಚನ ಹೋಗಿತ್ತು. "ಇವರಿಗಾದರ ತಿಳುವಳಿಕಿ ಇಲ್ಲ. ನಿನಗ ಇತ್ತು. ಪೋಸ್ಟಿನಾಗ ಮೂವತ್ತು ವರ್ಷ ಕೆಲಸ ಮಾಡ್ಯಾರ ನಮ್ಮವರು. ವಿಳಾಸ ಅಳಿಸಿಹೋದ ಪತ್ರಾನೂ ಹುಡುಕಿ ಮುಟ್ಟಿಸ್ಯಾರ. ಅವರನ್ನ ಮಳಿಯಾಗ ಬೀದಿಗೆ ನಿಲ್ಲಿಸಿದಿ."

ನಾನು ಮಡಕೆ ಹಿಡಿದುಕೊಳ್ಳಲು ಕೈ ಚಾಚಿದೆ, ಅವರು ಎದ್ದು ಸೀರೆ ಬದಲಿಸಲಿ ಎಂದು. "ಮುಟ್ಟಬ್ಯಾಡ," ಎಂದರು.

ಹೊತ್ತು ಮೀರುತ್ತಿತ್ತು. ಶ್ರೀಕಂಠ ಒಳಗೆ ಹೋಗಿ ಸ್ನಾನ ಮಾಡಿ ಬಂದ. ನಮ್ಮ ಗಲ್ಲಿಯೇ ನಾಲ್ಕು ಮೆಟ್ಟಿಲು ಇಳಿದಲ್ಲಿ ನದಿಯಾಗಿತ್ತು. ಅಲ್ಲಿ ಮಣೆ ಹಾಕಿ, ಕಮಲಾಬಾಯಿಯವರ ಕೈಯಿಂದ ದರ್ಭೆ ತೆಗೆದುಕೊಂಡು, ಅವರ ಪರವಾಗಿ ಕರ್ಮಕ್ಕೆ ಕೂತ. ಅವನನ್ನು ದ್ವೇಷಿಸುವ ನಾನೇ ಹೇಳುತ್ತೇನೆ: ಕೆಲಸವನ್ನು ಚೆನ್ನಾಗಿ ಮಾಡಿದ. ಒಂದು ಅಕ್ಷರ ನುಂಗಲಿಲ್ಲ, ಅವಸರ ಮಾಡಲಿಲ್ಲ. ಗೋತ್ರ, ಹೆಸರು ಎರಡೆರಡು ಸಲ ಕೇಳಿ ಹೇಳಿದ. ನೀರು ಸೊಂಟದವರೆಗೆ ಬಂದರೂ ಇಳಿದು ಮಡಕೆಯನ್ನು ತಾನೇ ಹಿಡಿದು ಅವರ ಕೈ ತಾಗಿಸಿ ಬಿಟ್ಟ. ಕಮಲಾಬಾಯಿ ಅಳಲಿಲ್ಲ. ನೀರು ಅದನ್ನು ಎಳೆದುಕೊಂಡ ಕಡೆಗೆ ಬಹಳ ಹೊತ್ತು ನೋಡುತ್ತ ನಿಂತರು.

ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ಅಮ್ಮ ನನ್ನ ಪಕ್ಕ ಬಂದು ಮೆಲ್ಲಗೆ, "ಇಬ್ಬರೂ ಸೇರಿ ಮಾಡಿದಿರಿ," ಎಂದಳು. ಅದಕ್ಕಿಂತ ಕೆಟ್ಟ ಮಾತನ್ನು ಅವಳು ನನಗೆ ಯಾವತ್ತೂ ಆಡಿರಲಿಲ್ಲ.

ಅದೇ ಸಂಜೆ ಕೋಣೆಗೆ ಹೋಗಿ ಸೈಟನ್ನು ಪೂರ್ತಿ ಇಳಿಸಿದೆ. ಶ್ರೀಕಂಠನನ್ನು ಕೇಳಲಿಲ್ಲ. ಅದರ ಜಾಗದಲ್ಲಿ ಬಿಳಿ ಹಾಳೆಯಂಥ ಒಂದು ಸಾದಾ ಪುಟ ಇಟ್ಟೆ. ಪ್ರವಾಹ ಬಂದಿದೆ, ದೋಣಿಗಳಿಲ್ಲ, ಕರ್ಮಗಳನ್ನು ಗಲ್ಲಿಯ ಮೆಟ್ಟಿಲಲ್ಲೇ ಮಾಡಿಸುತ್ತೇವೆ, ಹೊರಡುವ ಮೊದಲು ಈ ನಂಬರಿಗೆ ಮಾತಾಡಿ. ಅಷ್ಟೇ. ಚೆನ್ನಾಗಿದೆ ಎನ್ನಿಸಿತು. ಮರುದಿನ ಬೆಳಿಗ್ಗೆ ಅದನ್ನು ಫೋನಿನಲ್ಲಿ ತೆರೆದು ಹಿಡಿದು ಕಮಲಾಬಾಯಿಯವರ ಬಳಿ ಹೋದೆ. ಅವರ ವಾಪಸು ಟಿಕೆಟ್ಟಿಗೆ ಇನ್ನೂ ಮೂರು ದಿನವಿತ್ತು. ಅಮ್ಮನ ಕೋಣೆಯಲ್ಲೇ ಉಳಿದುಕೊಂಡಿದ್ದರು. ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ, "ಅಕ್ಕೋರೇ, ಇದನ್ನು ಒಂದು ಸಲ ನೋಡ್ತೀರಾ?" ಎಂದೆ.

ಕನ್ನಡಕ ಹಾಕಿಕೊಂಡು ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು. ಮುಖ ಸಡಿಲವಾಗಲಿಲ್ಲ.

"ಈ ಅಕ್ಷರ ಯಾಕ ಮಾಸ್ಯಾವ?"

"ತಿಳಿ ಬೂದು ಬಣ್ಣ. ನೋಡೋಕೆ ಮೃದುವಾಗಿರಲಿ ಅಂತ..."

"ಯಾರು ನೋಡಲಿಕ್ಕೆ? ಕರೀ ಮಾಡು. ದೊಡ್ಡವು ಮಾಡು." ಬೆರಳು ಮೇಲಕ್ಕೆ ಹೋಯಿತು. "ಇಲ್ಲಿ 'ಹೋಮ್' ಅಂತ ಅದ. ಹೋಮಾನೂ ಮಾಡಸ್ತೀರೇನು?"

"ಅಲ್ಲ, ಅದು... ಮೊದಲನೇ ಪುಟಕ್ಕೆ ಹೋಗೋದಕ್ಕೆ."

"ಹಂಗಾರ 'ಮೊದಲನೇ ಪುಟ' ಅಂತ ಬರೀಲಿಕ್ಕೆ ಏನಾಗಿತ್ತು? ಮನಿಯಾಗ ಸತ್ತಾರಂತ ಬಂದವರಿಗೆ ಒಗಟು ಹಾಕ್ತಿಯೇನು?" ನೀಲಿಯಲ್ಲಿ ಗೆರೆ ಎಳೆದ ಒಂದು ಶೀರ್ಷಿಕೆಯನ್ನು ಒತ್ತಿದರು. ಏನೂ ಆಗಲಿಲ್ಲ. "ಇದನ್ನ ಒತ್ತಿದರ ಏನೂ ಆಗವಲ್ದು."

"ಅದು ಒತ್ತೋದಲ್ಲ. ಬರೀ ತಲೆಬರಹ."

"ಒತ್ತೂ ಹಂಗ ಕಾಣಸ್ತದಲ್ಲ."

ಕಾಲೇಜಿನಲ್ಲಿ, ಕೆಲಸದಲ್ಲಿ ಇದನ್ನೆಲ್ಲ ನಾನು ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಶ್ರೀಕಂಠನ ಎದುರು ಅದನ್ನೇ ಒದರಿದ್ದೆ. ಆದರೆ ಅಲ್ಲಿಯವರೆಗೆ ನಾನು ಮಾಡಿದ ಒಂದೇ ಒಂದು ಸೈಟನ್ನೂ ಅದನ್ನು ಬಳಸುವವರ ಪಕ್ಕ ಕೂತು, ಅವರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿರಲಿಲ್ಲ. ಮೂರು ದಿನವೂ ಹೋದೆ. ಮೂರು ದಿನವೂ ಬೈಸಿಕೊಂಡೆ. ಪ್ರತಿ ಸಲ ಬೈದದ್ದನ್ನು ತಿದ್ದಿಕೊಂಡು ಹೋದರೆ ಇನ್ನೊಂದು ತಪ್ಪು ಸಿಗುತ್ತಿತ್ತು. ಅವರಿಗೆ ನನ್ನ ಮೇಲೆ ಕರುಣೆ ಬರಲಿಲ್ಲ. ನನಗೂ ಅವರೆದುರು ಕೂತಷ್ಟು ಹೊತ್ತು ಮೈಯೆಲ್ಲ ಉರಿಯುತ್ತಿತ್ತು. ಹೊರಡುವ ದಿನ ನಂಬರಿನ ಮೇಲೆ ಬೆರಳಿಟ್ಟರು. ಕೆಳಗಿನ ಅಂತಸ್ತಿನಲ್ಲಿ ಶ್ರೀಕಂಠನ ಫೋನ್ ರಿಂಗಾಯಿತು.

"ಈಗ ಸರಿ ಅದ," ಎಂದರು. "ಇದನ್ನ ಮೊದಲು ಮಾಡಿದ್ದರ ನಾ ಮಳಿಯಾಗ ನಿಲ್ತಿರಲಿಲ್ಲ." ಅಮ್ಮನಿಗೆ ನಮಸ್ಕಾರ ಮಾಡಿದರು. ನನ್ನ ಕಡೆ ನೋಡದೆ ಇಳಿದುಹೋದರು.

ಶ್ರೀಕಂಠ ಮಾರನೆಯ ದಿನ ಭೇಲೂಪುರಕ್ಕೇ ಬಂದ. ಬಿಳಿ ಹಾಳೆ ನೋಡಿ ಫೋನ್ ಮಾಡಿದ ಎರಡು ಕುಟುಂಬದವರು ನೀರಿಳಿದ ಮೇಲೆ ಬರುತ್ತೇವೆಂದು ಪ್ರಯಾಣ ಮುಂದಕ್ಕೆ ಹಾಕಿದ್ದರು. ಚಪ್ಪಲಿ ಕಾಲಲ್ಲೇ ಬಾಗಿಲಲ್ಲಿ ನಿಂತ.

"ನನ್ನ ಯಜಮಾನರನ್ನ ಓಡಿಸೋಕೆ ನೀನ್ಯಾರು?"

"ಓಡಿಸಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ."

"ಚಿಕ್ಕಪ್ಪನ ಪುಸ್ತಕ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು ನಿನಗೆ. ಅದಕ್ಕೇ ಮೊದಲು ಬೇಕಂತಲೇ ಕೆಟ್ಟದಾಗಿ ಮಾಡಿದೆ, ಈಗ ಬೇಕಂತಲೇ ತೆಗೆದೆ."

ಮೊದಲರ್ಧ ನಿಜವಾಗಿತ್ತು. ಅವನಿಗೆ ಅದು ಗೊತ್ತಾಗಿದೆ ಎಂಬುದೇ ನನಗೆ ಅವಮಾನವಾಯಿತು. "ಆ ಹೆಂಗಸು ನಿಂತಿದ್ದನ್ನ ನೋಡಿದೆಯಲ್ಲ ನೀನೂ," ಎಂದೆ.

"ಪಾಸ್‌ವರ್ಡ್ ಕೊಡು."

ಸೈಟು ಅವನದು. ಒಂದು ಕಾಗದದ ಮೇಲೆ ಬರೆದು ಕೊಟ್ಟೆ. ತೆಗೆದುಕೊಂಡು ಹೇಳಿದ: "ಚಿಕ್ಕಮ್ಮ ಇರಲಿ, ಅವರ ತಂಟೆಗೆ ನಾನು ಬರಲ್ಲ. ಆದರೆ ನೀನು ಇನ್ನು ಆ ಮನೆಯ ಮೆಟ್ಟಿಲು ಹತ್ತಬೇಡ."

ಎರಡು ದಿನದಲ್ಲಿ ಬೇರೆ ಯಾರ ಕೈಯಿಂದಲೋ ಸೈಟಿಗೆ ಶಂಖ ಮರಳಿ ಬಂತು. ಅಮ್ಮ ಆ ಮಳೆಗಾಲವಿಡೀ ನನ್ನ ಫೋನ್ ಎತ್ತಲಿಲ್ಲ. ದೀಪಾವಳಿಗೆ ಅವಳೇ ಗಲ್ಲಿಯ ಬಾಯಿಗೆ ಬಂದು ಒಂದು ಡಬ್ಬಿ ಚಕ್ಕುಲಿ ಕೊಟ್ಟು ಹೋದಳು. ಅಂದಿನಿಂದ ನಾವು ಭೇಟಿಯಾಗುವುದು ಹೊರಗೇ. ಒಂದು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ. ಅವಳಿಗೆ ಮಂಡಿ ನೋವು. ನಾನು ಹತ್ತುವ ಹಾಗಿಲ್ಲ, ಅವಳು ಇಳಿಯಬೇಕು. ಅದಕ್ಕೂ ಅವನನ್ನೇ ಶಪಿಸುತ್ತೇನೆ.

ಆ ಚಳಿಗಾಲದಲ್ಲಿ ಯಾರ ಮನೆಯ ಹೆಸರೂ ಇಲ್ಲದ ಒಂದು ಪುಟವನ್ನು ನಾನೇ ಮಾಡಿದೆ. ಕಾಶಿಗೆ ಬರುವ ಕನ್ನಡದವರಿಗೆ, ಕಪ್ಪು ಅಕ್ಷರದಲ್ಲಿ. ಇವತ್ತು ಯಾವ ಘಾಟು ನೀರಿನಲ್ಲಿದೆ, ಎಲ್ಲಿ ಮೆಟ್ಟಿಲು ಕಡಿಮೆ, ಎಲ್ಲಿ ಕನ್ನಡ ಮಾತಾಡುತ್ತಾರೆ. ಕರ್ಮ ಮಾಡಿಸುವ ಮನೆಗಳ ನಂಬರುಗಳೂ ಇವೆ. ಹಿಂದಿನ ಗಲ್ಲಿಯವರದಿದೆ. ಶ್ರೀಕಂಠನದನ್ನು ಹಾಕಬಾರದೆಂದು ಒಂದು ತಿಂಗಳು ಬಿಟ್ಟಿದ್ದೆ. ಆಮೇಲೆ ಹಾಕಿದೆ. ಸೊಂಟದುದ್ದ ನೀರಿನಲ್ಲಿ ನಿಂತು ಅವನು ಹೇಳಿದ ಮಂತ್ರ ನೆನಪಾಗಿ, ಬೇರೆಯವರಿಗೆ ಬರೆದ ಹಾಗೆ ಅವನಿಗೂ ಒಂದು ಸಾಲು ಬರೆದೆ: 'ಕರ್ಮವನ್ನು ಅವಸರವಿಲ್ಲದೆ, ಸ್ಪಷ್ಟವಾಗಿ ಮಾಡಿಸುತ್ತಾರೆ.' ಅದನ್ನು ಬರೆಯುವಾಗ ಮನಸ್ಸು ಒಪ್ಪಲಿಲ್ಲ. ಆದರೂ ಅಳಿಸಲಿಲ್ಲ.

ಹೋದ ವಾರ ಅಮ್ಮನ ಜೊತೆ ಕಟ್ಟೆಯ ಮೇಲೆ ಕೂತಿದ್ದಾಗ ಅವನು ಎದುರಿಗೇ ಬಂದ. ನನ್ನ ಅವನ ನಡುವೆ ಪಂಪಿನ ಪೈಪು ಬಿದ್ದಿತ್ತು. ಅಮ್ಮನಿಗೆ, "ಚಿಕ್ಕಮ್ಮ, ಕಾಲು ಜಾರುತ್ತೆ, ನೋಡ್ಕೊಂಡು ಬನ್ನಿ," ಎಂದು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಪೈಪು ದಾಟಿ ಹೋದ. ನಾನೂ ಮುಖ ತಿರುಗಿಸಿದೆ.

"ಈಗ ಊರಿಂದ ಬರೋರೆಲ್ಲ ನಿನ್ನ ಪುಟ ನೋಡಿಯೇ ಫೋನ್ ಮಾಡ್ತಾರೆ," ಎಂದಳು ಅಮ್ಮ. "ಅದು ನಿನ್ನದು ಅಂತ ಅವನಿಗೂ ಗೊತ್ತು."

"ಏನಂತಾನೆ?"

"ಏನೂ ಅನ್ನಲ್ಲ," ಎಂದಳು. "ಫೋನ್ ಎತ್ತುತ್ತಾನೆ."